ಎಂ.ಎಸ್ಸಿ. ಮೈಕ್ರೋಬಯಾಲಜಿ ಮುಗೀತು. ಪಿಎಚ್‌ಡಿ ಇಲ್ಲೇ ದಾವಣಗೆರೆ ಕಡೆ ಮಾಡೋದಾ, ಊರು ಬಿಡೋದಾ?

ಶೇಂಗಾಹೊಲ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಂದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಕೊನೇ ಸೆಮಿಸ್ಟರ್ ವೈವಾ ಮುಗಿದು ಹತ್ತು ದಿನ ಆಯ್ತು. ಹಾಸ್ಟೆಲ್ ಖಾಲಿ ಮಾಡಿ ಟ್ರಂಕು ಸಮೇತ ಮನೆಗೆ ಬಂದಿದ್ದೀನಿ. ಸ್ವಲ್ಪ ಉದ್ದ ಬರೀತೀನಿ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪನಿಗೆ ನಾಲ್ಕು ಎಕರೆ ಹೊಲ. ಮಳೆ ಬಂದ್ರೆ ಶೇಂಗಾ, ಬರದಿದ್ರೆ ಅದೂ ಇಲ್ಲ. ಪ್ರಾಜೆಕ್ಟಿಗೆ ವಿಷಯ ಆರಿಸೋವಾಗ ಕ್ಲಾಸಿನವರು ಮೊಸರಿನ ಬ್ಯಾಕ್ಟೀರಿಯಾ, ಔಷಧಿ ಗಿಡದ ಎಲೆರಸ ಅಂತ ತಗೊಂಡ್ರು. ನಾನು ಶೇಂಗಾ ಬೀಜಕ್ಕೆ ಹತ್ತೋ ಬೂಷ್ಟು ತಗೊಂಡೆ. ಊರಿನ ಹಲವು ಮನೆಗಳಿಂದ ಒಂದೊಂದು ಹಿಡಿ ಬೀಜ ಕೇಳಿ ತಂದೆ. ನಮ್ಮನೆ ಅಟ್ಟದ ಚೀಲದಿಂದಲೂ ಒಂದು ಹಿಡಿ.

ಬೀಜ ತೊಳೆದು, ಬೂಷ್ಟು ಬೆಳೆಸೋ ಜೆಲ್ಲಿಯಂಥ ಅಗರ್ ತಟ್ಟೆಯಲ್ಲಿಟ್ಟರೆ ಐದನೇ ದಿನಕ್ಕೆ ಹಳದಿ ಮಿಶ್ರಿತ ಹಸಿರು ಪುಡಿಯ ಬೂಷ್ಟು. ಆಸ್ಪರ್ಜಿಲಸ್ ಫ್ಲೇವಸ್. ಇದು ಅಫ್ಲಾಟಾಕ್ಸಿನ್ ಅನ್ನೋ ವಿಷ ಮಾಡುತ್ತೋ ಇಲ್ಲವೋ ನೋಡೋ ದೊಡ್ಡ ಮೆಷಿನ್ ನಮ್ಮ ಹತ್ರ ಇರಲಿಲ್ಲ. ಮೇಡಂ, 'ತೆಂಗಿನಹಾಲಿನ ಅಗರ್ ಮಾಡು' ಅಂದ್ರು. ಕಾಯಿ ತುರಿದು, ಬಿಸಿನೀರಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಅಗರ್ ಬೆರೆಸಿ, ಬಿಸಿ ಆವಿಯಲ್ಲಿ ಕ್ರಿಮಿ ಕೊಲ್ಲೋ ಆಟೋಕ್ಲೇವಿಗೆ ಇಟ್ಟೆ. ಹಬ್ಬದ ದಿನ ಕಾಯಿಹಾಲು ಕಾಯಿಸಿದ ಮನೆಯ ಹಾಗೆ ಲ್ಯಾಬೆಲ್ಲಾ ಘಮ್ಮಂತಿತ್ತು. ಬೂಷ್ಟು ಬಿತ್ತಿ ನಾಲ್ಕನೇ ದಿನ ಸಂಜೆ ಕಿಟಕಿ ಮುಚ್ಚಿ, ದೀಪ ಆರಿಸಿ, ತಟ್ಟೆಗಳನ್ನ ಮಗುಚಿಟ್ಟು ಅತಿನೇರಳೆ ದೀಪ ಹಿಡಿದೆ. ಕೆಲವು ತಟ್ಟೆ ಕತ್ತಲಾಗೇ ಇದ್ವು. ಕೆಲವುದರಲ್ಲಿ ಬೂಷ್ಟಿನ ಸುತ್ತ ತೆಳುವಾದ ನೀಲಿ ಬೆಳಕು, ಬಳೆ ಇಟ್ಟ ಹಾಗೆ. ಹಂಗೆ ಹೊಳೆದ ಒಂದು ತಟ್ಟೆಯ ಮೇಲೆ ಮಾರ್ಕರಿನಲ್ಲಿ ನಾನೇ ಬರೆದಿದ್ದೆ: 'ಮನೆ'.

ಅಪ್ಪನಿಗೆ ಇನ್ನೂ ಹೇಳಿಲ್ಲ. ಹೇಳೋಕೆ ಬಾಯಿ ಬರ್ತಿಲ್ಲ.

ನನಗೆ ಇದರ ಬೆನ್ನು ಹತ್ತಬೇಕು ಅನ್ನಿಸ್ತಿದೆ. ಮನೆಯಲ್ಲಿ ಬಿ.ಎಡ್. ಮಾಡು ಅಂತಾರೆ. ದೊಡ್ಡಪ್ಪ ಗಂಡು ನೋಡ್ತಿದ್ದಾರೆ. ಗೆಳತಿಯರು, ಪಿಎಚ್‌ಡಿ ಮಾಡೋದಾದ್ರೆ ಬೆಂಗಳೂರಲ್ಲಿ ಮಾಡು, ಇಲ್ಲಿ ಮಾಡಿದ್ರೆ ಯಾರೂ ಕ್ಯಾರೇ ಅನ್ನಲ್ಲ ಅಂತಾರೆ. ಹತ್ತನೇ ಕ್ಲಾಸಿನವರೆಗೂ ನಂದು ಕನ್ನಡ ಮಾಧ್ಯಮ. ಅರ್ಹತಾ ಪರೀಕ್ಷೆ ನೆಟ್ ಇನ್ನೂ ಪಾಸಾಗಿಲ್ಲ. ಏನು ಮಾಡಲಿ?

ಐದನೇವರ್ಷ · ಭಾನುವಾರ ರಾತ್ರಿ 11:05

ತಂಗಿ, ನಾನೂ ಜೀವವಿಜ್ಞಾನದಲ್ಲೇ ಪಿಎಚ್‌ಡಿ ಮಾಡ್ತಿದ್ದೀನಿ, ಐದನೇ ವರ್ಷ. ಮೊದಲು ದುಡ್ಡಿನ ಮಾತು ಮುಗಿಸೋಣ. ನಮ್ಮ ಕಡೆ ಅದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ, ಆಮೇಲೆ ಎಲ್ಲರೂ ಅದರಲ್ಲೇ ಮುಳುಗ್ತಾರೆ.

ನೆಟ್‌ನಲ್ಲಿ ಮೇಲಿನ ಅಂಕ ಬಂದವರಿಗೆ ಸಿಗೋ ಸಂಶೋಧನಾ ವೇತನ ಜೆಆರ್‌ಎಫ್. ಅದು ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ ಅದರ ಮುಂದಿನ ಹಂತ ಎಸ್‌ಆರ್‌ಎಫ್ ಆದ್ರೆ 42,000 ರೂಪಾಯಿ. 2023ರ ಜನವರಿಯಿಂದ ಈ ದರ. ಮನೆ ಬಾಡಿಗೆ ಭತ್ಯೆ ಬೇರೆ. ಇದು ನಿನ್ನ ಜೊತೆ ಬರೋ ಹಣ, ಯಾವ ವಿಶ್ವವಿದ್ಯಾಲಯ ಸೇರಿದ್ರೂ ಬರುತ್ತೆ. ಅದು ಇದ್ದಾಗ ಗೈಡ್ ಮುಂದೆ ಕೂತು ಮಾತಾಡೋ ಧೈರ್ಯವೇ ಬೇರೆ. ಇಲ್ಲದೆ ಸೇರಿದೆಯೋ, ಎರಡನೇ ವರ್ಷಕ್ಕೆ ಬಸ್ ಚಾರ್ಜಿಗೆ ಅಪ್ಪನ ಮುಖ ನೋಡಬೇಕು. ನಾನು ಮೊದಲ ಹದಿನೆಂಟು ತಿಂಗಳು ಹಾಗೇ ಕಳೆದವನು. ಬೆಳಗ್ಗೆ ಖಾಸಗಿ ಕಾಲೇಜಲ್ಲಿ ಪಾಠ, ಮಧ್ಯಾಹ್ನ ಲ್ಯಾಬ್. ಎರಡೂ ಅರ್ಧಂಬರ್ಧ ಆಯ್ತು.

ಪರೀಕ್ಷೆ ಹೇಗಿದೆ ಅಂದ್ರೆ: ಸಿಎಸ್‌ಐಆರ್ ನೆಟ್ ಲೈಫ್ ಸೈನ್ಸಸ್, ಮೂರು ಗಂಟೆ, 200 ಅಂಕ. ಎ ಭಾಗ ಸಾಮಾನ್ಯ ಲೆಕ್ಕ, ತರ್ಕ, 30 ಅಂಕ. ಬಿ ಭಾಗ 70. ಸಿ ಭಾಗದಲ್ಲಿ 75 ಪ್ರಶ್ನೆ ಇರ್ತವೆ, 25ಕ್ಕೆ ಉತ್ತರಿಸಿದ್ರೆ ಸಾಕು, ಒಂದೊಂದಕ್ಕೆ 4 ಅಂಕ. ಅಂದ್ರೆ ಅರ್ಧ ಅಂಕ ಅಲ್ಲೇ ಇದೆ. ತಪ್ಪಾದ್ರೆ ಕಾಲುಭಾಗ ಕಡಿತ. 13 ಘಟಕ ಎಲ್ಲಾ ಓದೋಕೆ ಹೋಗಬೇಡ. ಐದಾರು ಘಟಕ ಗಟ್ಟಿ ಮಾಡ್ಕೊ, ಸಿ ಭಾಗದಲ್ಲಿ ಅವನ್ನ ಮಾತ್ರ ಮುಟ್ಟು. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಬರುತ್ತೆ, ಕನ್ನಡದಲ್ಲಿಲ್ಲ. ಇದು ಅನ್ಯಾಯ, ಬದಲಾಗಲೇಬೇಕು. ಆದ್ರೆ ನೀನು ಅಷ್ಟು ದಿನ ಕಾಯೋಕಾಗಲ್ಲ. ಹಳೇ ಪ್ರಶ್ನೆಪತ್ರಿಕೆ ಇಟ್ಕೊಂಡು ಪ್ರತಿ ಪ್ರಶ್ನೆಯನ್ನ ಕನ್ನಡದಲ್ಲಿ ನಿನಗೆ ನೀನೇ ಬಿಡಿಸಿ ಹೇಳ್ಕೊ. ನಾನು ಗೆದ್ದದ್ದು ಹಾಗೇ, ನಾಲ್ಕನೇ ಸಲಕ್ಕೆ.

2024ರಿಂದ ನೆಟ್ ಅಂಕವನ್ನ ಪಿಎಚ್‌ಡಿ ಪ್ರವೇಶಕ್ಕೂ ಹಿಡಿಯಬಹುದು ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಮಾಡಿದೆ. ಜೆಆರ್‌ಎಫ್ ಕೈತಪ್ಪಿದ್ರೂ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30. ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆ, ರಾಜ್ಯದ ವಿಜ್ಞಾನ ತಂತ್ರಜ್ಞಾನ ಪ್ರೋತ್ಸಾಹಕ ಸಂಸ್ಥೆ ಕೆಸ್ಟೆಪ್ಸ್ ಇವರ ಫೆಲೋಶಿಪ್ ಪ್ರಕಟಣೆಗಳ ಮೇಲೂ ಕಣ್ಣಿಟ್ಟಿರು.

ಬಿಎಡ್ ಅಕ್ಕ · ಸೋಮವಾರ ಬೆಳಗ್ಗೆ 6:50

ನಾನು ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನೂ ಎಂ.ಎಸ್ಸಿ. ಸಸ್ಯಶಾಸ್ತ್ರ. ಬಿ.ಎಡ್. ಮಾಡಿ ಪ್ರೌಢಶಾಲೆ ಸೇರಿ ಎಂಟು ವರ್ಷ ಆಯ್ತು. ತಮ್ಮನನ್ನ ಓದಿಸಿದೆ, ಮನೆ ಕಟ್ಟಿಸಿದೆ. ನನ್ನ ಜೊತೆ ಓದಿ ಪಿಎಚ್‌ಡಿ ಮಾಡಿದ ಇಬ್ಬರು ಇವತ್ತಿಗೂ ಅತಿಥಿ ಉಪನ್ಯಾಸಕರು. ಪ್ರತಿ ವರ್ಷ ಕೌನ್ಸೆಲಿಂಗ್, ಪ್ರತಿ ವರ್ಷ ಬೇರೆ ಊರು. ಹೈಸ್ಕೂಲ್ ಮಕ್ಕಳಿಗೆ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ತೋರಿಸಿದಾಗ ಅವರು 'ಅಯ್ಯೋ ಮಿಸ್, ಗೋಡೆ ಕಟ್ಟಿದಂಗೈತೆ' ಅಂತಾರೆ. ಅದೂ ವಿಜ್ಞಾನವೇ. ಮನೆಯವರು ಬಿ.ಎಡ್. ಅಂದ ಮಾತ್ರಕ್ಕೆ ಅವರನ್ನ ವೈರಿಗಳ ಹಾಗೆ ನೋಡಬೇಡಿ.

ಹರಿಹರದವನು · ಸೋಮವಾರ ಮಧ್ಯಾಹ್ನ 1:20

ನಾನು ಹುಟ್ಟಿದ್ದು ಹರಿಹರ, ಈಗಿರೋದು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ. 'ಬೆಂಗಳೂರಾದ್ರೆ ಎಲ್ಲಾ ಸರಿ' ಅನ್ನೋ ಮಾತಿಗೆ ಉತ್ತರ ಹೇಳಬೇಕಾದವನು ನಾನು.

ಇಲ್ಲಿ ಸಿಗೋದನ್ನ ಮೊದಲು ಹೇಳ್ತೀನಿ. ವಾರಕ್ಕೊಂದು ಉಪನ್ಯಾಸ, ಕೇಳಿದ ರಾಸಾಯನಿಕ ಕೆಲವೇ ದಿನದಲ್ಲಿ ಮೇಜಿನ ಮೇಲೆ, ರಾತ್ರಿ ಎರಡಕ್ಕೂ ಲ್ಯಾಬಿನಲ್ಲಿ ಜನ. ಇಲ್ಲಿನ ದೊಡ್ಡ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್, ಜವಾಹರಲಾಲ್ ನೆಹರೂ ಕೇಂದ್ರ, ಐಐಎಸ್‌ಸಿ ಇವುಗಳಿಗೆ ಜೆಆರ್‌ಎಫ್‌ನಿಂದಲೂ ಅರ್ಜಿ ಹಾಕಬಹುದು, ಜೀವವಿಜ್ಞಾನದ ಜಂಟಿ ಪರೀಕ್ಷೆ ಜೆಜೀಬಿಲ್ಸ್ ಅಂತ ಇನ್ನೊಂದು ದಾರಿಯೂ ಇದೆ. ಖಂಡಿತ ಬರೀರಿ. ಬರೆಯದೇ 'ನನಗಲ್ಲ ಅದು' ಅಂದುಕೊಳ್ಳಬೇಡಿ. ನನ್ನ ಸಂದರ್ಶನದಲ್ಲಿ ಯಾರೂ ಇಂಗ್ಲಿಷ್ ವ್ಯಾಕರಣ ನೋಡಲಿಲ್ಲ. ಬೋರ್ಡ್ ಕೊಟ್ಟು, 'ನಿನ್ನ ಪ್ರಾಜೆಕ್ಟಿನ ಒಂದು ಗ್ರಾಫ್ ಬರಿ, ಅದು ತಪ್ಪು ಅಂತ ಹೇಗೆ ತೋರಿಸ್ತೀಯ' ಅಂದ್ರು. ನಾನು ಕನ್ನಡ, ಇಂಗ್ಲಿಷ್ ಬೆರೆಸಿ ಹೇಳಿದೆ. ಕೇಳಿಸ್ಕೊಂಡ್ರು.

ಈಗ ಸಿಗದೇ ಇರೋದು. ನಾನು ಯೀಸ್ಟಿನ ಒಂದು ಪ್ರೋಟೀನ್ ಮೇಲೆ ಕೆಲಸ ಮಾಡ್ತೀನಿ. ಒಳ್ಳೆ ಕೆಲಸ, ಪ್ರೀತಿಯಿಂದ ಮಾಡ್ತೀನಿ. ಆದ್ರೆ ಅದು ನಾನು ಕೇಳಿದ ಪ್ರಶ್ನೆ ಅಲ್ಲ, ಲ್ಯಾಬಿನಲ್ಲಿ ನನಗಿಂತ ಮುಂಚಿನಿಂದ ಇದ್ದ ಪ್ರಶ್ನೆ. ನಿಮಗೆ ನಿಮ್ಮದೇ ಪ್ರಶ್ನೆ ಸಿಕ್ಕಿದೆ. 'ಮನೆ' ಅಂತ ಬರೆದ ತಟ್ಟೆ ಹೊಳೆದದ್ದು ಓದಿ ನನಗೆ ಮೈ ಜುಮ್ಮಂದಿತು. ಆ ಪ್ರಶ್ನೆಯನ್ನ ಬಿಟ್ಟು ಬರೋದಾದ್ರೆ ಯೋಚಿಸಿ ಬನ್ನಿ.

ಯಂತ್ರ ಇಲ್ಲ ಅನ್ನೋದು ಈಗ ಮೊದಲಿನಷ್ಟು ದೊಡ್ಡ ಗೋಡೆ ಅಲ್ಲ. ಐ-ಸ್ಟೆಮ್ ಅಂತ ರಾಷ್ಟ್ರೀಯ ಜಾಲತಾಣ ಇದೆ, 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್‌ನಲ್ಲಿ ಶುರುವಾಯ್ತು. ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಇದೆ ನೋಡಿ, ದಿನ ಗೊತ್ತು ಮಾಡ್ಕೊಂಡು ಹೋಗಬಹುದು. ಮಾದರಿ ತಗೊಂಡು ಬೆಳಗ್ಗೆ ರೈಲು ಹತ್ತಿದ್ರೆ ಮಧ್ಯಾಹ್ನಕ್ಕೆ ಇಲ್ಲಿರ್ತೀರಿ. ಜರ್ನಲ್ ಓದೋಕೆ ಸಿಗಲ್ಲ ಅನ್ನೋ ಕಷ್ಟ ಕೂಡ 2025ರ ಜನವರಿಯಿಂದ ತಗ್ಗಿದೆ: 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ವಿಶ್ವವಿದ್ಯಾಲಯಗಳಿಗೂ ಸಿಗ್ತಿವೆ. ನಾನು ಎಂ.ಎಸ್ಸಿ. ಮಾಡುವಾಗ ಒಂದು ಪ್ರಬಂಧಕ್ಕಾಗಿ ಲೇಖಕರಿಗೆ ಪತ್ರ ಬರೆದು ಮೂರು ವಾರ ಕಾದಿದ್ದೆ.

ಅರ್ಧದಲ್ಲಿಬಿಟ್ಟವಳು · ಸೋಮವಾರ ರಾತ್ರಿ 10:15

ಬರೆಯೋದೋ ಬೇಡವೋ ಅಂತ ನಿನ್ನೆ ರಾತ್ರಿಯಿಂದ ಯೋಚಿಸಿದೆ. ಬರೀತೀನಿ. ಯಾವ ವಿಶ್ವವಿದ್ಯಾಲಯ, ಯಾವ ಊರು, ಯಾರು ಅಂತ ಕೇಳಬೇಡಿ.

ಮೂರು ವರ್ಷ ಪಿಎಚ್‌ಡಿ ಮಾಡಿ ಬಿಟ್ಟವಳು ನಾನು. ಮೆಕ್ಕೆಜೋಳದ ಬೇರಿನ ಶಿಲೀಂಧ್ರಗಳ ಮೇಲೆ ಕೆಲಸ. ಎರಡು ಮಳೆಗಾಲ ಹೊಲ ಹೊಲ ತಿರುಗಿ ಬೇರ್ಪಡಿಸಿದ ತಳಿಗಳೆಲ್ಲ ಮೈನಸ್ 80 ಫ್ರೀಜರಿನಲ್ಲಿದ್ವು. ಮೂರು ದಿನ ಸಾಲುರಜೆ ಬಂತು. ಕರೆಂಟ್ ಹೋಯ್ತು, ಜನರೇಟರಿಗೆ ಡೀಸೆಲ್ ಇರಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ನಾಲ್ಕನೇ ದಿನ ಬಂದು ಬಾಗಿಲು ತೆಗೆದಾಗ ಬೆಚ್ಚನೆ ಗಾಳಿ ಮುಖಕ್ಕೆ ಬಡೀತು. ಡಬ್ಬಿಗಳ ಮೇಲಿನ ಬರಹ ನೀರಲ್ಲಿ ಅಳಿಸಿಹೋಗಿತ್ತು. ಯಾವುದು ಯಾವ ಹೊಲದ್ದು ಅಂತಲೂ ತಿಳಿಯಲಿಲ್ಲ.

ಅದಕ್ಕಿಂತ ನೋವಾದದ್ದು ಗೈಡ್ ಹೇಳಿದ ಮಾತು: 'ಬೇರೆ ಟಾಪಿಕ್ ತಗೋ.' ಅಷ್ಟೇ. ಅವರ ಕೈಕೆಳಗೆ ತುಂಬಾ ಜನ ಇದ್ವಿ, ನಾನು ಏನು ಮಾಡ್ತಿದ್ದೆ ಅಂತಲೇ ಅವರಿಗೆ ಸರಿಯಾಗಿ ನೆನಪಿರಲಿಲ್ಲ. ಫೆಲೋಶಿಪ್ ಇರಲಿಲ್ಲ. ಮನೆಗೆ ಬಂದೆ.

ಈಗ ನಿನಗೆ ಹೇಳೋದು. ಗೈಡ್ ಆರಿಸೋ ಮುಂಚೆ ಶೋಧಗಂಗಾಗೆ ಹೋಗು. ದೇಶದ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಸಿಗ್ತವೆ. ಅವರ ವಿದ್ಯಾರ್ಥಿಗಳ ಪ್ರಬಂಧ ತೆಗೆದು ಎರಡು ಮೂರು ಅಧ್ಯಾಯ ಓದು. ಒಂದೇ ಕೆಲಸವನ್ನ ಗಿಡದ ಹೆಸರು ಬದಲಿಸಿ ಬದಲಿಸಿ ಮಾಡಿಸಿದ್ದಾರಾ, ಪ್ರತಿಯೊಬ್ಬರದೂ ಬೇರೆ ಪ್ರಶ್ನೆಯಾ, ತಾನಾಗೇ ಗೊತ್ತಾಗುತ್ತೆ. ಆಮೇಲೆ ಈಗಿರೋ ವಿದ್ಯಾರ್ಥಿಗಳನ್ನ ಕ್ಯಾಂಟೀನಿಗೆ ಕರ್ಕೊಂಡು ಹೋಗಿ ಕೇಳು: ಸರ್ ಲ್ಯಾಬಿಗೆ ಬರ್ತಾರಾ? ನಿಮ್ಮ ನೋಟ್‌ಬುಕ್ ನೋಡ್ತಾರಾ? ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು, ಸಹ ಪ್ರಾಧ್ಯಾಪಕರಿಗೆ ಆರು, ಪ್ರಾಧ್ಯಾಪಕರಿಗೆ ಎಂಟು ಜನಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಇರುವಂತಿಲ್ಲ. ಆರು ತಿಂಗಳಿಗೊಮ್ಮೆ ಸಲಹಾ ಸಮಿತಿ ಮುಂದೆ ಕೆಲಸ ತೋರಿಸಬೇಕು. ಆ ಸಭೆಯನ್ನ ಕಾಗದದ ಮೇಲಷ್ಟೇ ಆಗೋಕೆ ಬಿಡಬೇಡ. ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚಿನ ಅವಧಿ, 240 ದಿನ ಹೆರಿಗೆ ಅಥವಾ ಶಿಶುಪಾಲನಾ ರಜೆ ಕೂಡ 2022ರ ನಿಯಮದಲ್ಲಿದೆ. ಮದುವೆ ಆದ್ರೆ ಓದು ಮುಗೀತು ಅಂತ ದೊಡ್ಡಪ್ಪ ಅಂದ್ರೆ ಇದನ್ನ ತೋರಿಸು.

ತಳಿಗಳನ್ನ ಫ್ರೀಜರ್ ಒಂದನ್ನೇ ನಂಬಿ ಇಡಬೇಡ. ಬೂಷ್ಟಿನ ಬೀಜಕಗಳಿರೋ ಅಗರ್ ತುಂಡನ್ನ ಶುದ್ಧ ಮಾಡಿದ ನೀರಿರೋ ಸಣ್ಣ ಸೀಸೆಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿಟ್ಟರೆ ಕೋಣೆಯ ತಾಪಮಾನದಲ್ಲೇ ವರ್ಷಗಟ್ಟಲೆ ಬದುಕುತ್ತೆ. ಕರೆಂಟ್ ಬೇಡ, ಖರ್ಚಿಲ್ಲ. ಇದು ಹಳೇ ವಿಧಾನ, ನನಗೆ ಯಾರೂ ಹೇಳಿರಲಿಲ್ಲ. ಮುಖ್ಯವಾದ ತಳಿಗಳನ್ನ ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹ ಎಂಟಿಸಿಸಿ ಅಥವಾ ಪುಣೆಯ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹಕ್ಕೆ ಕಳಿಸಿ ಸಂಖ್ಯೆ ಪಡ್ಕೊ. ಡಬ್ಬಿ ಮೇಲೆ ಪೆನ್ಸಿಲಿನಲ್ಲಿ ಬರಿ.

ಐದನೇವರ್ಷ · ಸೋಮವಾರ ರಾತ್ರಿ 10:50

ಅಕ್ಕ, ನೀವು ಬರೆದದ್ದಕ್ಕೆ ಕೈಮುಗೀತೀನಿ. ನಾಳೆ ಬೆಳಗ್ಗೆ ಮೊದಲ ಕೆಲಸ ನನ್ನ ತಳಿಗಳನ್ನ ಸೀಸೆಗೆ ಹಾಕೋದು.

ನಿವೃತ್ತ ಮೇಷ್ಟ್ರು · ಮಂಗಳವಾರ ಬೆಳಗ್ಗೆ 7:30

ಮೂವತ್ತು ವರ್ಷ ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದವನು. 'ಇಲ್ಲಿ ಮಾಡಿದರೆ ಯಾರೂ ಕ್ಯಾರೇ ಅನ್ನುವುದಿಲ್ಲ' ಎಂಬ ಮಾತಿನ ಬಗ್ಗೆ ಹೇಳಬೇಕಿದೆ.

ದಾವಣಗೆರೆಯಲ್ಲಿ ಸ್ನಾತಕೋತ್ತರ ಕೇಂದ್ರ ಶುರುವಾದದ್ದು 1979ರಲ್ಲಿ, ಮೈಸೂರು ವಿಶ್ವವಿದ್ಯಾಲಯದ ಅಡಿಯಲ್ಲಿ. ಆಮೇಲೆ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿತು. 2009ರಲ್ಲಿ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಚಿತ್ರದುರ್ಗದ ಹತ್ತಿರ ಜಿ.ಆರ್. ಹಳ್ಳಿಯ ಜ್ಞಾನಗಂಗೋತ್ರಿ ಅದರದೇ ಸ್ನಾತಕೋತ್ತರ ಕೇಂದ್ರ. ಅದಕ್ಕೂ ಮುಂಚಿನ ದಿನಗಳಲ್ಲಿ ನಮ್ಮ ಕಡೆಯ ಹುಡುಗರು ಎಂ.ಎಸ್ಸಿ. ಓದಬೇಕಾದರೆ ಮೈಸೂರಿಗೋ ಧಾರವಾಡಕ್ಕೋ ಗಂಟು ಕಟ್ಟಬೇಕಿತ್ತು. ಹೆಣ್ಣುಮಕ್ಕಳನ್ನು ಕಳಿಸುವ ಮಾತೇ ಇರಲಿಲ್ಲ. ನನ್ನ ಸ್ವಂತ ಅಕ್ಕ ಬಿ.ಎಸ್ಸಿ.ಯಲ್ಲಿ ಚೆನ್ನಾಗಿ ಅಂಕ ತೆಗೆದು ಅಲ್ಲಿಗೇ ನಿಂತಳು. ಇವತ್ತು ಹೊಲದಿಂದ ಬಂದ ಹುಡುಗಿ ಎಂ.ಎಸ್ಸಿ. ಮುಗಿಸಿ 'ಮುಂದೇನು' ಎಂದು ಕೇಳುತ್ತಿದ್ದಾಳೆ. ಹತ್ತಿರದಲ್ಲೊಂದು ವಿಭಾಗ ಇರುವುದರ ಬೆಲೆ ಅದು.

ಇನ್ನೊಂದು ಉದಾಹರಣೆ. ಮೆಕ್ಕೆಜೋಳ ಬೆಳೆಯುವವರು ಎಲ್ಲರೂ ಸೈನಿಕ ಹುಳುವಿನ ಕಾಟ ಬಲ್ಲರು. ಅಮೆರಿಕ ಖಂಡದ ಈ ಹುಳು ಆಫ್ರಿಕಾ ದಾಟಿ ಭಾರತಕ್ಕೆ ಕಾಲಿಟ್ಟದ್ದನ್ನು ಮೊದಲು ಗುರುತಿಸಿದ್ದು ಎಲ್ಲಿ ಗೊತ್ತೇ? ದೆಹಲಿಯಲ್ಲಲ್ಲ, ಪಕ್ಕದ ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಲ್ಲಿ. ಅಲ್ಲಿನ ಕೃಷಿ ವಿಜ್ಞಾನಿಗಳು ಮೆಕ್ಕೆಜೋಳದ ಸುಳಿ ಬಿಡಿಸಿ ನೋಡಿದರು, ಇದು ನಾವು ಕಂಡ ಹುಳುವಲ್ಲ ಎಂದರು. ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರದ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕಿ. ಹೊಲದ ಹತ್ತಿರ ಇದ್ದವರ ಕಣ್ಣಿಗೆ ಬಿತ್ತು. ಬೆಳೆ ಎಲ್ಲಿದೆಯೋ ಅಲ್ಲಿ ತಿಳಿದವರ ಕಣ್ಣು ಇರಬೇಕು. ಶೇಂಗಾ ನಮ್ಮಲ್ಲಿದೆ. ಚಳ್ಳಕೆರೆಯನ್ನು ಎಣ್ಣೆ ನಗರ ಎಂದು ಕರೆಯುತ್ತೇವೆ. ಆ ಶೇಂಗಾದ ಬೂಷ್ಟನ್ನು ಬೇರೆ ಯಾರು ನೋಡಬೇಕು?

ಜೋಗಿಮಟ್ಟಿ · ಮಂಗಳವಾರ ಸಂಜೆ 5:45

ಮೇಷ್ಟ್ರ ಮಾತಿಗೆ ನನ್ನದೂ ಒಂದು ಸೇರಿಸ್ತೀನಿ, ವಿಷಯ ಸ್ವಲ್ಪ ಪಕ್ಕಕ್ಕೆ ಹೋದ್ರೂ ಸಹಿಸಿಕೊಳ್ಳಿ. ನಾನು ಕುರುಚಲು ಕಾಡಿನ ಸಸ್ಯಗಳ ಮೇಲೆ ಕೆಲಸ ಮಾಡಿದವನು. ಪಶ್ಚಿಮಘಟ್ಟ ಅಂದ್ರೆ ಎಲ್ಲರಿಗೂ ಹಣ, ಎಲ್ಲರಿಗೂ ಆಸಕ್ತಿ. ನಮ್ಮ ಒಣಕಾಡು ಅಂದ್ರೆ 'ಅಲ್ಲೇನಿದೆ ಮುಳ್ಳು' ಅಂತಾರೆ. ಏನಿಲ್ಲ? ತುಗ್ಗಲಿ, ಕಮರ, ದಿಂಡಿಗ, ಮಸಿವಾಳ, ಬಂದರಿಕೆ, ಕವಳೆ. ಬೇಸಿಗೆಯಲ್ಲಿ ಸತ್ತಂತೆ ನಿಂತ ಕಾಡು ಒಂದು ಮಳೆಗೆ ವಾರದೊಳಗೆ ಹಸಿರಾಗುತ್ತೆ. ಅಷ್ಟು ದಿನ ಆ ಗಿಡ ಒಳಗೊಳಗೆ ಏನು ಮಾಡ್ತಿತ್ತು ಅನ್ನೋದೇ ಒಂದು ಪಿಎಚ್‌ಡಿ. ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆಂದೇ ಅಭಯಾರಣ್ಯ ಇದೆ, 2011ರಲ್ಲಿ ಘೋಷಣೆ ಆದದ್ದು. ಎಷ್ಟು ಜನ ಜೀವಶಾಸ್ತ್ರದ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿದ್ದಾರೆ?

ಕಾಡಿನ ಕೆಲಸ ಮಾಡೋರಿಗೆ ಒಂದೇ ಸೂಚನೆ. ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಎಲೆಯನ್ನೂ ಕೀಳಬೇಡಿ. ಅರ್ಜಿ ಬೇಗ ಹಾಕಿ, ಮಳೆ ಕಳೆದ ಮೇಲೆ ಅನುಮತಿ ಬಂದ್ರೆ ಒಂದು ವರ್ಷ ಹೋದ ಹಾಗೆ. ಹೊಲದ ಶೇಂಗಾಕ್ಕೆ ಈ ತೊಂದರೆ ಇಲ್ಲ. ರೈತ ಒಪ್ಪಿದ್ರೆ ಆಯ್ತು.

ನಾಯಕನಹಟ್ಟಿ ಕಡೆಯವ · ಮಂಗಳವಾರ ರಾತ್ರಿ 8:30

ನಾನು ಓದಿದ್ದು ಪಿಯುಸಿ. ಶೇಂಗಾ ಬೆಳೆಯೋನು. ನನ್ ಮಗ ಈ ಚರ್ಚೆ ಓದಿ ಹೇಳ್ದ, ಅದ್ಕೆ ಬರೀತಿದೀನಿ.

ನಮ್ಮೂರಿಗೆ ಓದೋ ಹುಡುಗ್ರು ಬರ್ತಾರೆ. ಮಣ್ಣು ತಗಂತಾರೆ, ಬೀಜ ತಗಂತಾರೆ, ನೀರು ತಗಂತಾರೆ. ಎಷ್ಟು ಎಕರೆ, ಎಷ್ಟು ಗೊಬ್ಬರ, ಎಲ್ಲಾ ಬರಕಂತಾರೆ. ನಾವೂ ಟೀ ಕೊಟ್ಟು ಕಳಿಸ್ತೀವಿ. ತಿರುಗಿ ಒಬ್ರೂ ಬಂದಿಲ್ಲ. ಏನ್ ಸಿಕ್ತು, ನಮ್ ಬೀಜದಾಗೆ ಏನೈತೆ, ನಾವೇನ್ ಮಾಡ್ಬೇಕು, ಯಾರೂ ಹೇಳಿಲ್ಲ. ಆ ಹುಡ್ಗಿ ಅಪ್ಪನ ಹತ್ರ ಹೇಳಕ್ಕೆ ಬಾಯಿ ಬರ್ತಿಲ್ಲ ಅಂದಿದಾಳೆ. ಅಮ್ಮಾ, ಹೇಳವ್ವ. ಬೆಲೆ ಬಿದ್ದಿದ್ದು ಹೇಳ್ತಾರೆ, ಸಾಲ ಏರಿದ್ದು ಹೇಳ್ತಾರೆ, ಅದೆಲ್ಲಾ ತಡಕಂಡಿದೀವಿ. ಇದನ್ನೂ ತಡಕಂತೀವಿ. ಗೊತ್ತಿಲ್ದಂಗೆ ಮಕ್ಳಿಗೆ ತಿನ್ನಿಸೋದು ತಡಕಳ್ಳಕ್ಕಾಗಲ್ಲ.

ಇನ್ನೊಂದ್ ಕೇಳ್ತೀನಿ. ಬೂಷ್ಟು ಹಿಡಿದಿದ್ ಬೀಜ ನಾವು ಆರಿಸಿ ಎತ್ತಿಟ್ಟು ಗಾಣಕ್ಕೆ ಹಾಕ್ತೀವಿ. ಹಿಂಡಿ ದನಕ್ಕೆ. ಅದು ಸರಿನಾ?

ಐದನೇವರ್ಷ · ಮಂಗಳವಾರ ರಾತ್ರಿ 9:55

ಯಜಮಾನ್ರೇ, ನಿಮ್ಮ ಪ್ರಶ್ನೆ ಬಹಳ ಮುಖ್ಯ. ಗೊತ್ತಿರೋದನ್ನ ಹೇಳ್ತೀನಿ.

ಸರಿ ಅಲ್ಲ. ಈ ವಿಷ ಎಣ್ಣೆಗಿಂತ ಹೆಚ್ಚಾಗಿ ಹಿಂಡಿಯಲ್ಲಿ ಉಳಿಯುತ್ತೆ. ಗಾಣದ ಎಣ್ಣೆಯನ್ನ ಶುದ್ಧೀಕರಿಸದೆ ಬಳಸೋದ್ರಿಂದ ಅದಕ್ಕೂ ಸ್ವಲ್ಪ ಬರಬಹುದು. ಹಿಂಡಿ ತಿಂದ ಹಸುವಿನ ಹಾಲಿಗೆ ಅದರ ಒಂದು ರೂಪ ಇಳಿಯುತ್ತೆ, ಅದಕ್ಕೆ ಎಂ1 ಅಂತಲೇ ಹೆಸರು. ಈ ವಿಷ ಜಗತ್ತಿಗೆ ಗೊತ್ತಾದದ್ದೂ ಹಿಂಡಿಯಿಂದಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಹುಡುಕಿದಾಗ ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿಯಲ್ಲಿ ಈ ಬೂಷ್ಟು ಸಿಕ್ತು. ನಮ್ಮ ದೇಶದಲ್ಲೂ 1974ರಲ್ಲಿ ಗುಜರಾತ್, ರಾಜಸ್ಥಾನದ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಪಿತ್ತಜನಕಾಂಗ ಕೆಟ್ಟು ತೀರಿಕೊಂಡರು. ಸಣ್ಣ ಪ್ರಮಾಣದಲ್ಲಿ ವರ್ಷಗಟ್ಟಲೆ ಒಳಗೆ ಹೋದ್ರೆ ಲಿವರ್ ಕ್ಯಾನ್ಸರಿಗೆ ಕಾರಣ ಆಗುತ್ತೆ.

ಮಾಡಬಹುದಾದ್ದೂ ಇದೆ. ವಿಷ ಎಲ್ಲಾ ಬೀಜದಲ್ಲಿ ಸಮನಾಗಿ ಇರಲ್ಲ, ಕೆಲವೇ ಬೀಜಗಳಲ್ಲಿ ಗುಡ್ಡೆ ಹಾಕ್ಕೊಂಡಿರುತ್ತೆ. ಮುದುಡಿದ, ಬಣ್ಣ ಕೆಟ್ಟ, ಹುಳು ತೂತು ಮಾಡಿದ, ಒಡೆದ ಬೀಜ ಕೈಯಲ್ಲಿ ಆರಿಸಿ ತೆಗೆದರೆ ಬಹಳಷ್ಟು ವಿಷ ಅದರ ಜೊತೆಗೇ ಹೋಗುತ್ತೆ. ಆರಿಸಿದ್ದನ್ನ ಗಾಣಕ್ಕೂ ಬೇಡ, ದನಕ್ಕೂ ಬೇಡ. ಹೂತುಬಿಡಿ. ಕಿತ್ತ ಗಿಡವನ್ನ ಕಾಯಿ ಮೇಲೆ ಬರೋ ಹಾಗೆ ಮಗುಚಿ ಒಣಗಿಸಿ. ಕಾಯಿ ಅಲ್ಲಾಡಿಸಿದ್ರೆ ಒಳಗೆ ಬೀಜ ಗಲಗಲ ಅನ್ನಬೇಕು, ಆಮೇಲೆ ಚೀಲಕ್ಕೆ. ಚೀಲ ನೆಲಕ್ಕೆ ತಾಗಿಸಬೇಡಿ.

ಈಗ ತಂಗಿಗೆ. ನಿನ್ನ ತಟ್ಟೆ ಹೊಳೆದದ್ದು 'ಈ ತಳಿ ವಿಷ ಮಾಡಬಲ್ಲದು' ಅಂತ ಹೇಳುತ್ತೆ. 'ಆ ಚೀಲದಲ್ಲಿ ಇಷ್ಟು ವಿಷ ಇದೆ' ಅಂತ ಹೇಳಲ್ಲ. ಬೀಜವನ್ನೇ ರುಬ್ಬಿ ಎಲೈಸಾ, ಎಚ್‌ಪಿಎಲ್‌ಸಿ ಅನ್ನೋ ಲ್ಯಾಬ್ ಪರೀಕ್ಷೆಗಳಲ್ಲಿ ಅಳೆದ ಮೇಲೆ ಗೊತ್ತಾಗೋದು. ಅಪ್ಪನಿಗೆ ಹೇಳುವಾಗ ಈ ವ್ಯತ್ಯಾಸ ಬಿಡಿಸಿ ಹೇಳು, ಸುಮ್ಮನೆ ಹೆದರಿಸೋದು ಬೇಡ. ಹಾಗೇ ಹೊಳೆಯದ ತಟ್ಟೆಗಳನ್ನ ಎಸೆಯಬೇಡ. ಅಮೋನಿಯಾ ಆವಿ ಹಿಡಿದು ಇನ್ನೊಮ್ಮೆ ನೋಡು, ವಿಷ ಮಾಡೋ ತಳಿಯ ತಳಭಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಅದರಲ್ಲೂ ತಿರುಗದೇ ಇದ್ದವು ನಿನ್ನ ಚಿನ್ನ. ಆಫ್ರಿಕಾದಲ್ಲಿ, ಅಮೆರಿಕದಲ್ಲಿ ವಿಷ ಮಾಡದ ಫ್ಲೇವಸ್ ತಳಿಯನ್ನೇ ಹೊಲಕ್ಕೆ ಬಿಟ್ಟು ವಿಷದ ತಳಿಗೆ ಜಾಗ ಸಿಗದ ಹಾಗೆ ಮಾಡ್ತಾರೆ. ಚಳ್ಳಕೆರೆಯ ಬಿಸಿಗೆ, ಬರಕ್ಕೆ ಒಗ್ಗಿದ ಅಂಥ ತಳಿ ಬೇಕಾದ್ರೆ ಚಳ್ಳಕೆರೆ ಮಣ್ಣಲ್ಲೇ ಹುಡುಕಬೇಕು. ನೆನಪಿಡು, ಈ ತಟ್ಟೆಗಳನ್ನ ಬರಿಗೈಲಿ, ಮಾಸ್ಕ್ ಇಲ್ಲದೆ ತೆರೀಬಾರದು.

ಹರಿಹರದವನು · ಮಂಗಳವಾರ ರಾತ್ರಿ 11:10

ಮೇಲಿನ ಮಾತು ಓದಿ ಅನ್ನಿಸಿದ್ದು: ಇದೇ ನಿಮ್ಮ ಸಂಶೋಧನಾ ಪ್ರಸ್ತಾವನೆ. ಎರಡು ಪುಟ ಬರೀರಿ, ನಾನು ಓದಿ ತಿದ್ದಿಕೊಡ್ತೀನಿ. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಅಂತ ಇದೆ, ಎಂ.ಎಸ್ಸಿ. ಓದ್ತಿರುವಾಗಲೇ ಎರಡು ತಿಂಗಳು ದೊಡ್ಡ ಲ್ಯಾಬಿನಲ್ಲಿ ಕೆಲಸ ಮಾಡಬಹುದು. ನಿಮಗೆ ಸಮಯ ಮೀರಿದೆ, ನಿಮ್ಮ ಜೂನಿಯರ್‌ಗಳಿಗಾದ್ರೂ ಹೇಳಿ. ನಮ್ಮ ಕಡೆಯವರು ಅರ್ಜಿಯನ್ನೇ ಹಾಕಲ್ಲ.

ಬಿಎಡ್ ಅಕ್ಕ · ಬುಧವಾರ ಬೆಳಗ್ಗೆ 7:05

ನನ್ನ ಮಾತು ಹಿಂತಗೊಳ್ಳಲ್ಲ, ಆದ್ರೆ ಒಂದು ಸೇರಿಸ್ತೀನಿ. ಈ ಬೀಜ ಆರಿಸೋ ವಿಷಯ ನಮ್ಮ ಶಾಲೆಯ ಮಕ್ಕಳಿಗೆ ಬಂದು ಹೇಳಿಕೊಡ್ತೀಯಾ? ಎಲ್ಲರ ಮನೆಯಲ್ಲೂ ಶೇಂಗಾ ಇದೆ. ಬಿಸಿಯೂಟದ ಮುಂಚೆ ಅರ್ಧ ಗಂಟೆ ಬಿಡಿಸಿಕೊಡ್ತೀನಿ.

ಶೇಂಗಾಹೊಲ · ಶುಕ್ರವಾರ ರಾತ್ರಿ 10:30

ಎಲ್ಲರಿಗೂ. ಇಷ್ಟು ದಿನ ಉತ್ತರ ಬರೆಯೋಕಾಗಲಿಲ್ಲ.

ಬುಧವಾರ ಸಂಜೆ ಅಪ್ಪನಿಗೆ ಹೇಳಿದೆ. ಫೋನಿನಲ್ಲಿದ್ದ ನೀಲಿ ತಟ್ಟೆಯ ಫೋಟೋ ತೋರಿಸಿದೆ. ತಳಿ ಬೇರೆ, ಬೀಜದಲ್ಲಿರೋ ಪ್ರಮಾಣ ಬೇರೆ ಅಂತ ಐದನೇವರ್ಷ ಅಣ್ಣ ಹೇಳಿದ ಹಾಗೇ ಬಿಡಿಸಿ ಹೇಳಿದೆ. ಅಪ್ಪ ಬಹಳ ಹೊತ್ತು ಫೋಟೋ ನೋಡಿದ್ರು. ಬೈತಾರೆ ಅಂದ್ಕೊಂಡಿದ್ದೆ. ಎದ್ದು ಹೋಗಿ ಅಟ್ಟದಿಂದ ಚೀಲ ಇಳಿಸಿ ಪಡಸಾಲೆಯಲ್ಲಿ ಸುರಿದ್ರು. ಅಮ್ಮ ಮೊರ ತಂದಳು. ನಾನು ಮೂವರಿಗೂ ಬಾಯಿಗೆ ಬಟ್ಟೆ ಕಟ್ಟಿದೆ. ರಾತ್ರಿ ಹನ್ನೊಂದರವರೆಗೆ ಆರಿಸಿದ್ವಿ. ಮುದುಡಿದ್ದು, ಕಪ್ಪಾದದ್ದು ಒಂದು ಬುಟ್ಟಿ ಆಯ್ತು.

ಆರಿಸ್ತಾ ಆರಿಸ್ತಾ ಅಪ್ಪ ಒಂದು ಕೇಳಿದ್ರು. 'ಈ ಬುಟ್ಟಿದೆಲ್ಲಾ ಮೇಲ್ಗಡೆ ಹೊಲದ್ದೇ ಇರ್ಬೇಕು. ಅಲ್ಲಿ ಮಣ್ಣು ತೆಳ್ಳಗೆ, ಕಾಯಿ ಕಟ್ಟೋವಾಗ ಮಳೆ ಕೈಕೊಟ್ರೆ ಗೆದ್ಲು ಹತ್ತುತ್ತೆ. ಕೆಳಗಿನ ಹೊಲದಾಗೆ ಹಂಗಾಗಲ್ಲ. ನೀನು ಎರಡೂ ಹೊಲದ್ದು ಬೇರೆ ಬೇರೆ ಮಾಡಿ ನೋಡಿದ್ಯಾ?'

ನೋಡಿರಲಿಲ್ಲ. ಎಲ್ಲಾ ಬೆರೆಸಿದ ಚೀಲದಿಂದ ಒಂದು ಹಿಡಿ ತಂದಿದ್ದೆ. ಕಾಯಿ ಬಲಿಯೋ ಹೊತ್ತಿನ ಬರ ಮತ್ತು ಮಣ್ಣಿನ ಬಿಸಿ ಈ ಬೂಷ್ಟಿಗೆ ಅನುಕೂಲ, ಗೆದ್ದಲು ಮಾಡಿದ ಗಾಯ ಅದಕ್ಕೆ ಬಾಗಿಲು ಅಂತ ನಾನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ನಮ್ಮ ಹೊಲದ ಮೇಲೆ ಕೆಳಗೆ ಅಂತ ಯೋಚಿಸಿರಲಿಲ್ಲ.

ಈ ಸಲದ ಬಿತ್ತನೆಯಿಂದ ಎರಡೂ ಹೊಲದ ಮಣ್ಣು, ಕಾಯಿ ಬೇರೆ ಬೇರೆ ತೆಗೆದಿಡ್ತೀನಿ. ನೆಟ್ ಅರ್ಜಿ ಕರೆದ ಕೂಡಲೇ ತುಂಬ್ತೀನಿ. ಅಪ್ಪ ಎರಡು ವರ್ಷ ಸಮಯ ಕೊಟ್ಟಿದ್ದಾರೆ, ದೊಡ್ಡಪ್ಪನ ಹತ್ರ ಅವರೇ ಮಾತಾಡ್ತಾರಂತೆ. ಜೆಆರ್‌ಎಫ್ ಆದ್ರೆ ತೋಳಹುಣಸೆ, ಬೆಂಗಳೂರು ಎರಡೂ ಕಡೆ ಅರ್ಜಿ ಹಾಕ್ತೀನಿ, ಆದ್ರೆ ಈ ಪ್ರಶ್ನೆ ಮಾಡೋಕೆ ಬಿಡೋ ಗೈಡ್ ಹತ್ರ ಮಾತ್ರ ಸೇರ್ತೀನಿ. ಆಗದಿದ್ರೆ ಬಿ.ಎಡ್., ಅದಕ್ಕೂ ಬೇಸರ ಇಲ್ಲ.

ಅರ್ಧದಲ್ಲಿಬಿಟ್ಟ ಅಕ್ಕ, ನಿಮ್ಮ ನೀರಿನ ಸೀಸೆ ಉಪಾಯ ಮೇಡಂಗೆ ಫೋನ್ ಮಾಡಿ ಹೇಳಿದೆ. ನಾಳೆ ಶನಿವಾರ ಲ್ಯಾಬಿಗೆ ಬಾ, ಇಬ್ಬರೂ ಸೇರಿ ಹಾಕೋಣ ಅಂದ್ರು. ಬೆಳಗ್ಗೆ ಆರೂವರೆ ಬಸ್ಸಿಗೆ ಹೊರಡ್ತೀನಿ. ಪೆನ್ಸಿಲ್ ತಗೊಂಡಿದ್ದೀನಿ.